ಒಡಕು ದನಿಯ ತೂಕ

ಕಳೆದ ರಾಜ್ಯೋತ್ಸವದ ಸಂಜೆ ನಮ್ಮ ಸಂಘದ ವೇದಿಕೆಯಲ್ಲಿ ತರುಣರ ತಂಡವೊಂದು ಎಲೆಕ್ಟ್ರಿಕ್ ಗಿಟಾರಿನ ಹಿಮ್ಮೇಳದೊಡನೆ ದಾಸರ ಪದವೊಂದನ್ನು ಹಾಡಿದ್ದು ಸದಸ್ಯರಿಗೆ ನೆನಪಿರಬಹುದು. ಎರಡನೆಯ ಚರಣದ ಹೊತ್ತಿಗೆ ಮುಂದಿನ ಸಾಲಿನ ಹಿರಿಯರು ಕಿವಿ ಮುಚ್ಚಿಕೊಂಡಿದ್ದರು. ಮುಂದಿನ ಸಮಿತಿ ಸಭೆಯಲ್ಲಿ ಇಂಥ ಗದ್ದಲಕ್ಕೆ ಇನ್ನು ವೇದಿಕೆ ಬೇಡವೆಂಬ ಮಾತು ಬಂದಾಗ ಮೊದಲು ಕೈ ಎತ್ತಿದವನು ನಾನೇ. ಗಿಟಾರ್ ನುಡಿಸಿದವನು ನನ್ನ ಮಗ. ಅಂದಿನಿಂದ ಅವನು ಮನೆಯಲ್ಲಿ ಆ ವಾದ್ಯವನ್ನು ಮುಟ್ಟಲಿಲ್ಲ. ನನ್ನೊಡನೆ ಅಗತ್ಯಕ್ಕಿಂತ ಹೆಚ್ಚು ಮಾತನ್ನೂ ಆಡಲಿಲ್ಲ.

ಈ ಲೇಖನ ಆ ಎತ್ತಿದ ಕೈಯನ್ನು ಕೆಳಗಿಳಿಸುವ ಪ್ರಯತ್ನ. ಹಾಗೆಂದು ಅಂದಿನ ವಾದನ ಚೆನ್ನಾಗಿತ್ತೆಂದು ವಾದಿಸಲು ನಾನು ಹೊರಟಿಲ್ಲ. ಅದು ಚೆನ್ನಾಗಿರಲಿಲ್ಲ. ಏಕೆ ಚೆನ್ನಾಗಿರಲಿಲ್ಲ ಎಂಬುದನ್ನು ಮಾತ್ರ ನಾನು ತಪ್ಪಾಗಿ ತಿಳಿದಿದ್ದೆ.

ಒಂದು ಭಾನುವಾರ ನಾನೇ ಹೋಗಿ ಅವನ ಪಕ್ಕದಲ್ಲಿ ಕುಳಿತು ವಿಚಾರಿಸಿದೆ. "ಅಪ್ಪಾ, ಅವತ್ತು ನಮಗೆ ಬಾಡಿಗೆಗೆ ಸಿಕ್ಕಿದ್ದು ಕ್ಲೀನ್ ಟೋನಿನ ಆಂಪ್ಲಿಫೈಯರ್. ಅದರಲ್ಲಿ ಹೆವಿ ಸೌಂಡ್ ಬರಲೇ ಇಲ್ಲ. ಅದಕ್ಕೇ ಡಿಸ್ಟಾರ್ಷನ್ ಪೆಡಲಿನ ಗುಂಡಿಗಳನ್ನೆಲ್ಲ ಪೂರ್ತಿ ತಿರುಗಿಸಿಬಿಟ್ಟೆವು" ಎಂದ. ರೋಗದ ಮೂಲ ಈ ಮಾತಿನಲ್ಲೇ ಇದೆಯೆಂದು ಆಗ ನನಗೆ ಹೊಳೆಯಲಿಲ್ಲ.

ಕ್ಲೀನ್ ಟೋನಿನ ಆಂಪ್ಲಿಫೈಯರ್ ಎಂದರೆ ಒಳಬಂದ ಸಂಕೇತವನ್ನು ರೂಪ ಕೆಡಿಸದೆ ದೊಡ್ಡದು ಮಾಡುವಂಥದು. ಜಪಾನಿನ ರೋಲೆಂಡ್ ಕಂಪನಿ 1975ರಲ್ಲಿ ತಂದ ಜಾಜ್ ಕೋರಸ್ 120 ಇದಕ್ಕೆ ಪ್ರಸಿದ್ಧ ಉದಾಹರಣೆ. ಹಳೆಯ ವಾಲ್ವ್ ಯಂತ್ರಗಳು ಹಾಗಲ್ಲ. ಅವುಗಳ ಮೇಲೆ ಹೆಚ್ಚು ಒತ್ತಡ ಹೇರಿದರೆ ನಾದ ತಾನಾಗಿ ಒಡೆಯುತ್ತದೆ. ವಿಜ್ಞಾನದ ವಿದ್ಯಾರ್ಥಿಗಳಿಗೆ ಇದು ಪರಿಚಿತ ವಿಷಯವೇ. ಯಂತ್ರದ ಮಿತಿ ಮೀರಿದಾಗ ಅಲೆಯ ನೆತ್ತಿ ಕತ್ತರಿಸಿದಂತೆ ಚಪ್ಪಟೆಯಾಗುತ್ತದೆ. ಆಗ ಮೂಲ ತಂತಿಯಲ್ಲಿ ಅಷ್ಟಾಗಿ ಇಲ್ಲದ ಉಪಸ್ವರಗಳು ಹುಟ್ಟುತ್ತವೆ: ಎರಡು ಬದಿಯೂ ಸಮನಾಗಿ ಕತ್ತರಿಸಿದರೆ ಮೂರು, ಐದು, ಏಳರ ಗುಣಾಕಾರದವು, ಅಸಮವಾಗಿ ಕತ್ತರಿಸಿದರೆ ಸಮಸಂಖ್ಯೆಯವೂ ಜೊತೆಗೂಡುತ್ತವೆ. ನೆತ್ತಿ ತಗ್ಗಿದಾಗ ಕ್ಷೀಣಿಸುತ್ತಿರುವ ದನಿಯೂ ದೊಡ್ಡ ದನಿಯ ಮಟ್ಟದಲ್ಲೇ ಕೇಳುವುದರಿಂದ ನಾದ ಬಹಳ ಹೊತ್ತು ನಿಲ್ಲುತ್ತದೆ. ಈ ಕೆಲಸವನ್ನು ಕ್ಲೀನ್ ಯಂತ್ರ ತಾನಾಗಿ ಮಾಡದು. ಅದರ ಮುಂದೆ ಕಾಲಿನಿಂದ ಒತ್ತುವ ಪೆಡಲ್ ಇಟ್ಟು, ಅಲ್ಲೇ ನಾದವನ್ನು ಒಡೆದು ಕಳಿಸಬೇಕು.

ಈ ಒಡಕು ದನಿಯ ಚರಿತ್ರೆಯೇ ಒಂದು ಕುತೂಹಲ. 1958ರಲ್ಲಿ ಅಮೆರಿಕದ ಲಿಂಕ್ ರೇ 'ರಂಬಲ್' ಎಂಬ ಕೃತಿಗಾಗಿ ತನ್ನ ಸ್ಪೀಕರಿನ ಕಾಗದಕ್ಕೆ ಪೆನ್ಸಿಲಿನಿಂದ ತೂತು ಮಾಡಿದ. ಅದರಲ್ಲಿ ಒಂದು ಪದವೂ ಇಲ್ಲ. ಆದರೂ ಕೆಲವು ರೇಡಿಯೋ ನಿಲಯಗಳು ಅದನ್ನು ಬಹಿಷ್ಕರಿಸಿದವು. ಬಳಿಕ ನ್ಯಾಶ್‌ವಿಲ್ಲಿನ ಸ್ಟುಡಿಯೋ ಒಂದರಲ್ಲಿ ಉಪಕರಣ ಕೆಟ್ಟು ಬಂದ ಗೊರಗೊರ ದನಿಯೇ 1962ರಲ್ಲಿ ಮೇಸ್ಟ್ರೋ ಫಜ್ ಟೋನ್ ಎಂಬ ಪೆಡಲಿಗೆ ಪ್ರೇರಣೆಯಾಯಿತು. 1964ರಲ್ಲಿ ಲಂಡನ್ನಿನ ಕಿಂಕ್ಸ್ ತಂಡದ ಡೇವ್ ಡೇವಿಸ್ ಸಣ್ಣ ಆಂಪ್ಲಿಫೈಯರೊಂದರ ಸ್ಪೀಕರನ್ನು ಬ್ಲೇಡಿನಿಂದ ಸೀಳಿ, ಅದನ್ನು ವಾಕ್ಸ್ ಕಂಪನಿಯ ದೊಡ್ಡ ಆಂಪ್ಲಿಫೈಯರಿಗೆ ಜೋಡಿಸಿ 'ಯೂ ರಿಯಲಿ ಗಾಟ್ ಮಿ' ನುಡಿಸಿದ. ಗಮನಿಸಿ: ಹರಿದದ್ದು ಮುಂದಿನ ಸಣ್ಣ ಯಂತ್ರ, ಹೊತ್ತು ನಿಂತದ್ದು ಹಿಂದಿನ ದೊಡ್ಡ ಯಂತ್ರ. ಇಂದಿನ ಪೆಡಲ್ ಮತ್ತು ಕ್ಲೀನ್ ಆಂಪ್ಲಿಫೈಯರಿನ ದಾಂಪತ್ಯವೂ ಇಂಥದೇ.

ಮಗನ ಹೆಡ್‌ಫೋನ್ ಹಾಕಿಕೊಂಡು ನಾನು ಹೆಚ್ಚು ಸಲ ಕೇಳಿದ್ದು ಬರ್ಮಿಂಗ್‌ಹ್ಯಾಮಿನ ಬ್ಲ್ಯಾಕ್ ಸಬ್ಬತ್ ತಂಡದ 1970ರ ಮೊದಲ ಆಲ್ಬಮ್ಮನ್ನು. ಗಿಟಾರ್ ವಾದಕ ಟೋನಿ ಅಯೋಮಿ ಕಾರ್ಖಾನೆಯ ಯಂತ್ರಕ್ಕೆ ಎರಡು ಬೆರಳ ತುದಿಗಳನ್ನು ಕಳೆದುಕೊಂಡವನು. ಪ್ಲಾಸ್ಟಿಕ್ ಮತ್ತು ಚರ್ಮದಿಂದ ತಾನೇ ಬೆರಳ ತೊಡಪು ಮಾಡಿಕೊಂಡು ನುಡಿಸಿದವನು. ತಂಡದ ಹೆಸರನ್ನೇ ಹೊತ್ತ ಮೊದಲ ಹಾಡಿನ ಮುಖ್ಯ ಸಂಚಾರದಲ್ಲಿ ಇರುವುದು ನಮ್ಮ ಲೆಕ್ಕದಲ್ಲಿ ಮೂರೇ: ಷಡ್ಜ, ತಾರಷಡ್ಜ, ಪ್ರತಿಮಧ್ಯಮ. ಪಂಚಮದ ಆಸರೆಯಿಲ್ಲದೆ ತೂಗಾಡುವ ಆ ಪ್ರತಿಮಧ್ಯಮವೇ ಎದೆ ನಡುಗಿಸುತ್ತದೆ. ಅಚ್ಚರಿಯೆಂದರೆ ಆ ದನಿಯಲ್ಲಿ ಒಡಕು ನಾನು ಎಣಿಸಿದಷ್ಟಿಲ್ಲ. ಅವನು ವಾಲ್ವ್ ಆಂಪ್ಲಿಫೈಯರಿನ ಮುಂದೆ ಇಟ್ಟ ಸಾಧನವೂ ಮಂದ್ರವನ್ನಲ್ಲ, ತಾರವನ್ನು ಎತ್ತಿ ಕೊಡುವಂಥದು. ಭಾರ ಬಂದದ್ದು ನಿಧಾನದಿಂದ, ಸ್ವರಗಳ ನಡುವಿನ ಮೌನದಿಂದ.

ಇದನ್ನು ಹೇಳಿದಾಗ ಮಗ ಸುಮ್ಮನಿರಲಿಲ್ಲ. "ಹಾಗಾದರೆ ಸ್ವೀಡನ್ನಿನವರು?" ಎಂದು ಎಂಟೂಮ್ಡ್ ತಂಡದ 1990ರ 'ಲೆಫ್ಟ್ ಹ್ಯಾಂಡ್ ಪಾತ್' ಕೇಳಿಸಿದ. ಬಾಸ್ ಕಂಪನಿಯ ಎಚ್‌ಎಂ-2 ಪೆಡಲಿನ ನಾಲ್ಕೂ ಗುಂಡಿಗಳನ್ನು ಪೂರ್ತಿ ತಿರುಗಿಸಿ ಪಡೆದ, ಗರಗಸ ಎಳೆದಂಥ ದನಿಯದು. ಆಕ್ಷೇಪ ನ್ಯಾಯವಾದದ್ದೇ. ಆದರೆ ಅಲ್ಲಿ ಗಾಯಕ ಗುಡುಗುತ್ತಾನೆ; ಪದ ಬಿಡಿಬಿಡಿಯಾಗಿ ತಿಳಿಯಬೇಕೆಂಬ ಹಟ ಅವನಿಗಿಲ್ಲ. ಗಿಟಾರೇ ಅಲ್ಲಿ ನಾಯಕ. ದಾಸರ ಪದದಲ್ಲಿ ಸಾಹಿತ್ಯವೇ ಪ್ರಾಣ. ಮಾತಿನ ವ್ಯಂಜನಗಳು ಸ್ಪಷ್ಟವಾಗಿ ಕೇಳಬೇಕಾದ ಮೇಲಿನ ಸ್ಥಾಯಿಯಲ್ಲೇ ಒಡಕು ದನಿಯ ಉಪಸ್ವರಗಳೂ ಮುತ್ತಿಕೊಳ್ಳುತ್ತವೆ. ಅಂದು ನಮ್ಮ ಹಿರಿಯರನ್ನು ನೋಯಿಸಿದ್ದು ಗಿಟಾರಲ್ಲ, ಪದ ಕೇಳದೆ ಹೋದದ್ದು. ಅದನ್ನು ನಾವು ಗದ್ದಲ ಎಂಬ ಒಂದೇ ಮಾತಿನಲ್ಲಿ ಮುಗಿಸಿಬಿಟ್ಟೆವು.

ಇನ್ನೊಂದು ದೋಷವೂ ಇತ್ತು. ಹುಡುಗರು ಷಡ್ಜ, ಗಾಂಧಾರ, ಪಂಚಮ ಮೂರನ್ನೂ ಒಟ್ಟಿಗೆ ಮೀಟುತ್ತಿದ್ದರು. ಎರಡು ಸ್ವರ ಒಂದೇ ಪೆಡಲಿನಲ್ಲಿ ಒಡೆದಾಗ ಅವುಗಳ ವ್ಯತ್ಯಾಸದ ಸ್ವರವೊಂದು ಹೊಸದಾಗಿ ಹುಟ್ಟುತ್ತದೆ. ಸೆಕೆಂಡಿಗೆ 110 ಕಂಪನದ ಷಡ್ಜಕ್ಕೆ ಸುಮಾರು 165ರ ಪಂಚಮ ಸೇರಿದರೆ ವ್ಯತ್ಯಾಸ 55. ಅದು ಒಂದು ಸ್ಥಾಯಿ ಕೆಳಗಿನ ಷಡ್ಜವೇ. ನುಡಿಸದ ಮಂದ್ರ ತಾನಾಗಿ ಮೊಳಗುತ್ತದೆ. ಗಿಟಾರಿನ ಗಾಂಧಾರವೋ ಸುಮಾರು 138.6, ವ್ಯತ್ಯಾಸ 28.6. ಅದು ಎರಡು ಸ್ಥಾಯಿ ಕೆಳಗಿನ 27.5ರ ಷಡ್ಜಕ್ಕೆ ಹೊಂದದೆ ಕೆಸರಾಗುತ್ತದೆ. ಭಾರವಾದ ಸಂಗೀತದವರು ಷಡ್ಜ ಪಂಚಮಗಳನ್ನೇ ನೆಚ್ಚಿಕೊಂಡಿರುವುದು ಇದಕ್ಕೇ.

ಷಡ್ಜ ಪಂಚಮ ಎಂದೊಡನೆ ನನಗೆ ತಂಬೂರಿ ನೆನಪಾಯಿತು. ಕುದುರೆಯ ಮೇಲೆ ತಂತಿಯಡಿ ನಾವು ದಾರದ ಎಳೆ ಇಡುವುದೇಕೆ? ಶುದ್ಧ ತಂತಿಯ ದನಿ ನಮಗೆ ಸಾಲದೆಂದೇ. ತಂತಿ ಅಗಲವಾದ ಕುದುರೆಯನ್ನು ತಾಕಿ ತಾಕಿ ಝೇಂಕರಿಸಬೇಕು, ಉಪಸ್ವರಗಳು ಅರಳಬೇಕು. ಸರ್ ಸಿ. ವಿ. ರಾಮನ್ 1921ರಲ್ಲೇ ತಂಬೂರಿ, ವೀಣೆಗಳ ಈ ಗುಣದ ಬಗ್ಗೆ ಪ್ರಬಂಧ ಬರೆದಿದ್ದಾರೆ. ತಂಬೂರಿಯ ಝೇಂಕಾರವೂ ಗಿಟಾರಿನ ಒಡಕೂ ಒಂದೇ ಎಂದು ನಾನು ಹೇಳುವುದಿಲ್ಲ. ಹುಟ್ಟುವ ಬಗೆ ಬೇರೆ. ಆದರೆ ನಾದಕ್ಕೆ ಒರಟನ್ನು ಬೇಕೆಂದೇ ಬೆರೆಸುವುದು ಅಸಂಸ್ಕೃತಿಯೆಂದು ಹೇಳುವ ಹಕ್ಕು ತಂಬೂರಿ ಮೀಟುವ ಜನರಿಗಿಲ್ಲ. ಎಳೆ ಒಂದು ಕೂದಲಿನಷ್ಟು ಸರಿದರೂ ಝೇಂಕಾರ ಸಾಯುತ್ತದೆಂಬುದೂ ನಮಗೆ ಗೊತ್ತು. ಒರಟು ಬೇಕು, ಆದರೆ ಅಳತೆ ತಪ್ಪಿರಬಾರದು.

ಆ ಅಳತೆಯನ್ನು ಅಪ್ಪ ಮಗ ಕೂಡಿ ನಮ್ಮ ಕ್ವಾರ್ಟರ್ಸಿನ ಹಿಂದಿನ ಕೋಣೆಯಲ್ಲಿ ಹುಡುಕಿದೆವು. ಯಂತ್ರ ಅವನ ಸಣ್ಣ ಕ್ಲೀನ್ ಆಂಪ್ಲಿಫೈಯರೇ. ಡಿಸ್ಟಾರ್ಷನ್ ಗುಂಡಿಯನ್ನು ಅರ್ಧಕ್ಕೆ ಇಳಿಸಿದ. ಅದರ ಮುಂದೆ ಸ್ನೇಹಿತನ ಓವರ್‌ಡ್ರೈವ್ ಪೆಡಲನ್ನು ಇಟ್ಟು, ಅದರ ಒಡಕನ್ನು ಸೊನ್ನೆಯ ಹತ್ತಿರಕ್ಕೂ ಮಟ್ಟವನ್ನು ಮೇಲಕ್ಕೂ ತಂದ. ಅದು ಮಂದ್ರವನ್ನು ಕೊಂಚ ತಗ್ಗಿಸಿ ಎರಡನೆಯ ಪೆಡಲನ್ನು ಬಿಗಿಯಾಗಿ ತಳ್ಳುತ್ತದೆ. ಆಂಪ್ಲಿಫೈಯರಿನಲ್ಲಿ ತಾರವನ್ನು ಇಳಿಸಿ, ಮಧ್ಯವನ್ನು ಏರಿಸಿದ. ಮೀಟಿದ ಮೇಲೆ ಅಂಗೈಯ ಅಂಚಿನಿಂದ ತಂತಿಗಳನ್ನು ಹಿಡಿದು ನಿಲ್ಲಿಸಿದ. ದನಿ ಮೊದಲಿಗಿಂತ ಚಿಕ್ಕದಾಗಿತ್ತು. ತೂಕ ಮಾತ್ರ ಹೆಚ್ಚಾಗಿತ್ತು. ಪಕ್ಕದ ಮನೆಯವರು ಗೋಡೆ ತಟ್ಟಲಿಲ್ಲ. ನನ್ನ ಹೆಂಡತಿ ಒಳಗಿನಿಂದಲೇ ಪದದ ಪಲ್ಲವಿಯನ್ನು ಗುನುಗಿದಳು. ಅವಳು ಹಾಡುವಾಗ ಅವನು ಪೆಡಲ್ ಬಿಟ್ಟು ಶುಭ್ರ ದನಿಯಲ್ಲಿ ನುಡಿಸಿದ. ಸಾಲು ಮುಗಿದೊಡನೆ ಒಡಕು ದನಿ ಗಂಭೀರವಾಗಿ ಎದ್ದಿತು. ಕ್ಲೀನ್ ಆಂಪ್ಲಿಫೈಯರ್ ಅಡ್ಡಿಯಲ್ಲ, ವರ ಎಂಬುದು ನಮಗೆ ತಿಳಿದದ್ದು ಆಗ. ಎರಡು ದನಿಗಳ ಭೇದವನ್ನು ಅದು ಮುಚ್ಚಿಡಲಿಲ್ಲ.

ನನ್ನ ತೀರ್ಮಾನ ಇಷ್ಟು. ಅಂದಿನ ತರುಣರು ತೂಕವನ್ನು ಪ್ರಮಾಣವೆಂದು ತಿಳಿದರು. ನಾವು ಅವರ ತಪ್ಪನ್ನು ವಾದ್ಯದ ತಪ್ಪೆಂದು ತಿಳಿದೆವು. ಅವರ ತಪ್ಪು ಗುಂಡಿ ತಿರುಗಿಸಿದರೆ ಸರಿಹೋಗುವಂಥದು. ನಮ್ಮದು ಹಾಗಲ್ಲ. ಊರು ಬಿಟ್ಟು ಬಂದ ನಮ್ಮ ಮಕ್ಕಳು ದಾಸರ ಪದವನ್ನು ತಮಗೆ ಬಲ್ಲ ದನಿಯಲ್ಲಿ ಹಾಡಲು ಬಂದಾಗ ಕಿವಿ ಮುಚ್ಚಿದರೆ, ಮುಂದಿನ ಸಲ ಅವರು ಬೇರೆ ವೇದಿಕೆ ಹುಡುಕುತ್ತಾರೆ. ಅಲ್ಲಿ ದಾಸರ ಪದ ಇರುವುದಿಲ್ಲ. ಸಮಿತಿಯ ಮುಂದಿನ ಸಭೆಯಲ್ಲಿ ಈ ವಿಷಯವನ್ನು ಮತ್ತೆ ಎತ್ತಬೇಕೆಂದು ಅಧ್ಯಕ್ಷರಿಗೆ ಪತ್ರ ಕೊಟ್ಟಿದ್ದೇನೆ. ಈ ಸಲ ಹಿರಿಯ ಸದಸ್ಯರು ಮೊದಲು ಒಂದು ಭಾನುವಾರ ನಮ್ಮ ಮನೆಗೆ ಕಾಫಿಗೆ ಬರಬೇಕು. ಗಿಟಾರಿನ ಶ್ರುತಿ ಕೂಡಿಸಿಟ್ಟಿರುತ್ತಾನೆ.