ತಲೆಯೊಳಗಿನ ನೀರಾವರಿ

ಗೋಕಾಕ, ಮೂಡಲಗಿ, ಹುಕ್ಕೇರಿಯ ಕಬ್ಬಿನ ರೈತರಿಗೆ ನಿದ್ದೆ ದುಬಾರಿ. ತ್ರೀ ಫೇಸ್ ಕರೆಂಟು ನಡುರಾತ್ರಿ ಬಂದರೆ ಎದ್ದು ಹೊಲಕ್ಕೆ ಹೋಗಲೇಬೇಕು. ಆ ಹೊತ್ತಿಗೆ ಮಲಗಿದವರ ತಲೆಯೊಳಗೂ ನೀರು ಹಾಯುತ್ತಿರುತ್ತದೆ. ಆ ಕಸುಬುದಾರಿಕೆಗೆ ನಾನು ಮಾರುಹೋಗಿದ್ದೇನೆ.

ಮಿದುಳು, ಬೆನ್ನುಹುರಿಯ ಸುತ್ತ ಇರುವ ತಿಳಿದ್ರವ ಸುಮಾರು 150 ಮಿಲಿಲೀಟರ್. ದಿನಕ್ಕೆ ತಯಾರಾಗುವುದು ಅರ್ಧ ಲೀಟರ್. ಹಳೆಯದು ಹೋಗುತ್ತಲೇ ಇರಬೇಕು. ಧಮನಿಗಳ ಹೊರಮೈಗುಂಟ ಹೊಸ ದ್ರವ ಮಿದುಳಿನೊಳಗೆ ಇಳಿಯುತ್ತದೆ, ಪಂಪಿನ ಕೆಲಸ ಧಮನಿಯ ಮಿಡಿತದ್ದೇ. ರಕ್ತನಾಳ ತಬ್ಬಿದ ಆಸ್ಟ್ರೋಸೈಟ್ ಕೋಶಗಳ ಪಾದದಲ್ಲಿ ಅಕ್ವಾಪೊರಿನ್-4 ಎಂಬ ನೀರಿನ ಬಾಗಿಲುಗಳಿವೆ. ಅಲ್ಲಿಂದ ನುಗ್ಗಿದ ದ್ರವ ಅಮೈಲಾಯ್ಡ್ ಬೀಟಾದಂಥ ಕಸ ಎತ್ತಿಕೊಂಡು ಹೊರಬೀಳುತ್ತದೆ. ರಾಚೆಸ್ಟರ್ ವಿಶ್ವವಿದ್ಯಾಲಯದ ವಿಜ್ಞಾನಿ ಮೈಕೆನ್ ನೆಡರ್‌ಗಾರ್ಡ್ ತಂಡ 2012ರಲ್ಲಿ ಇದನ್ನು ಗ್ಲಿಂಫ್ಯಾಟಿಕ್ ವ್ಯವಸ್ಥೆ ಎಂದು ಕರೆಯಿತು. ಮರುವರ್ಷ ಇಲಿಗಳಲ್ಲಿ ಕಂಡದ್ದು ಇನ್ನೂ ಸೊಗಸು: ಎಚ್ಚರದಲ್ಲಿ ಮಿದುಳಿನ ಶೇ 14ರಷ್ಟಿದ್ದ, ಕೋಶಗಳ ನಡುವಿನ ಸಂದಿಜಾಗ ನಿದ್ದೆಯಲ್ಲಿ ಶೇ 23ಕ್ಕೆ ಹಿಗ್ಗಿತು. ಕಬ್ಬೇ ಪಕ್ಕಕ್ಕೆ ಸರಿದು ನೀರಿಗೆ ದಾರಿ ಬಿಟ್ಟ ಹಾಗೆ!

2024ರಲ್ಲಿ ಲಂಡನ್ನಿನ ಪ್ರಯೋಗವೊಂದು, ಅದೂ ಇಲಿಗಳಲ್ಲೇ, ತದ್ವಿರುದ್ಧ ಫಲ ಕೊಟ್ಟಿತು: ನಿದ್ದೆಯಲ್ಲಿ ತೊಳೆಯುವುದು ಕಡಿಮೆಯಂತೆ. ಇರಲಿ, ಇಂಥ ಜಗಳ ವಿಜ್ಞಾನಕ್ಕೆ ಒಳ್ಳೆಯದೇ. ಅಷ್ಟು ಕಿರಿದಾದ ಸಂದಿಯ ಹರಿವನ್ನು ಜೀವಂತ ಮಿದುಳಿನಲ್ಲಿ ಅಳೆಯುವುದು ಹೇಗೆ ಎಂಬುದರ ಮೇಲೇ ಈಗ ಎರಡೂ ಕಡೆಯವರ ವಾದ ನಿಂತಿದೆ.