ಪದ್ಮಿನಿಯವರನ್ನು ಅವರ ಹೆಸರಿನಿಂದಲೇ ಕರೆಯೋಣ

ಕೊಚ್ಚಿ ಬಳಿಯ ಅಂಬಲಮುಗಳ್‌ನ ನೆಂಟರ ಮನೆಗೆ ಹೋದಾಗಲೆಲ್ಲ ಒಂದು ದಿನ ಎರ್ನಾಕುಲಕ್ಕೆ ಮೀಸಲು. ಅಂಬಲಮುಗಳಿನ ರಿಫೈನರಿಯ ಚಿಮಣಿಗಳನ್ನು ದಾಟಿ ಬಸ್ಸು ಪೇಟೆ ಸೇರುತ್ತದೆ. ನಾನು ದರ್ಬಾರ್ ಹಾಲ್ ಸೇರುತ್ತೇನೆ. ಕೊಚ್ಚಿಯ ಅರಸರು ಕಟ್ಟಿಸಿದ ಆ ಕಟ್ಟಡ ಈಗ ಕೇರಳ ಲಲಿತಕಲಾ ಅಕಾಡೆಮಿಯ ಚಿತ್ರಶಾಲೆ. ಅಲ್ಲಿ ಕಾಲಿಟ್ಟಾಗ ಮೊದಲು ನೆನಪಾಗುವುದು ಚಿತ್ರಕಾರ್ತಿ ಟಿ.ಕೆ. ಪದ್ಮಿನಿ.

ಪೊನ್ನಾನಿ ಸೀಮೆಯ ಕಾಡಂಚೇರಿಯಲ್ಲಿ 1940ರಲ್ಲಿ ಹುಟ್ಟಿದವರು. ಆ ಹಳ್ಳಿಯಿಂದ ಮದರಾಸಿಗೆ ಹೋಗಿ, ಚಿತ್ರಕಾರ ಕೆ.ಸಿ.ಎಸ್. ಪಣಿಕ್ಕರ್ ಅವರಿದ್ದ ಕಲಾಶಾಲೆಯಲ್ಲಿ ಕಲಿತರು. 1968ರಲ್ಲಿ ಚಿತ್ರಕಾರ ಕೆ. ದಾಮೋದರನ್ ಅವರನ್ನು ಮದುವೆಯಾದರು. ಮರುವರ್ಷ ಮೇ ತಿಂಗಳಲ್ಲಿ, ಇಪ್ಪತ್ತೊಂಬತ್ತು ತುಂಬುವ ಮೊದಲೇ, ಹೆರಿಗೆಯಲ್ಲಿ ತೀರಿಕೊಂಡರು.

ಅವರ ಬಗ್ಗೆ ಬರೆಯುವವರು ಬಹುಪಾಲು ಈ ಸಾವಿನ ಹತ್ತಿರವೇ ನಿಂತುಬಿಡುತ್ತಾರೆ. ಇಲ್ಲವೇ, ಇಪ್ಪತ್ತೆಂಟಕ್ಕೇ ಹೋದ ಚಿತ್ರಕಾರ್ತಿ ಅಮೃತಾ ಶೇರ್‌ಗಿಲ್ ಜೊತೆ ಹೋಲಿಸಿ ಸುಮ್ಮನಾಗುತ್ತಾರೆ. ನನಗೆ ಇದು ಒಪ್ಪಿಗೆಯಿಲ್ಲ. ಚಿತ್ರ ನೋಡಿ. ರವಿವರ್ಮನ ಹೆಂಗಸರಿಗೆ ಜರಿ, ಒಡವೆ, ಮುಖದ ಮೇಲೆ ಬಂದು ಬೀಳುವ ಬೆಳಕು ಎಲ್ಲವೂ ಉಂಟು. ಪದ್ಮಿನಿಯವರ ಹೆಂಗಸರಿಗೆ ಇದ್ಯಾವುದೂ ಇಲ್ಲ. ಕಂದು, ಕಡುಹಸಿರು, ಮಳೆ ನೆನೆದ ಮಣ್ಣಿನ ಬಣ್ಣ. ಆ ಮಣ್ಣಿನಿಂದಲೇ ಎದ್ದು ಬಂದಂಥ ಗಟ್ಟಿ ಮೈ. ಬೆತ್ತಲೆ ಇದ್ದರೂ ಅದು ನೋಡುವವನಿಗೆಂದು ಇಟ್ಟ ಬೆತ್ತಲೆಯಲ್ಲ. ಆಕೆ ತನ್ನ ಪಾಡಿಗೆ ತಾನಿದ್ದಾಳೆ, ಎದುರಿಗೆ ನಿಂತ ನಮ್ಮ ಗೊಡವೆ ಅವಳಿಗಿಲ್ಲ. ಅರವತ್ತರ ದಶಕದಲ್ಲಿ, ಪೊನ್ನಾನಿಯ ಹುಡುಗಿಯೊಬ್ಬಳು ಹೆಣ್ಣಿನ ಮೈಯನ್ನು ಹೀಗೆ ಬರೆದಳಲ್ಲ! ಕೊನೆಯ ವರ್ಷದ 'ಗಾಳಿಪಟ ಹಾರಿಸುವ ಹುಡುಗಿ'ಯ ಹೆಸರು ಕೇಳಿದರೇ ನನಗೆ ಎದೆ ಹಗುರಾಗುತ್ತದೆ, ಮರುಗಳಿಗೆ ಭಾರವಾಗುತ್ತದೆ.

ಚಿತ್ರ ಬಿಟ್ಟು ಬೇರೆಯದರಿಂದಲೇ ಚಿತ್ರಕಾರ್ತಿಯನ್ನು ಗುರುತಿಸುವ ಈ ಕತೆ ತಿರುವನಂತಪುರದಲ್ಲೂ ಉಂಟು, ಇನ್ನೂ ಹಳೆಯದು. ಅಲ್ಲಿನ ಶ್ರೀಚಿತ್ರಾ ಆರ್ಟ್ ಗ್ಯಾಲರಿಯ ಸಂಗ್ರಹದಲ್ಲಿ ರವಿವರ್ಮನ ಒಂದು ಭಾವಚಿತ್ರವಿದೆ. ಬರೆದವರು ಮಂಗಳಾ ಬಾಯಿ ತಂಬುರಾಟ್ಟಿ. ಕೈ ಪಳಗಿದ ಕೆಲಸ, ಆದರೂ ಜನರ ಬಾಯಲ್ಲಿ ಆಕೆ 'ರವಿವರ್ಮನ ತಂಗಿ' ಅಷ್ಟೆ. ತಮ್ಮ ರಾಜರಾಜವರ್ಮ ಅಣ್ಣನ ಜೊತೆ ದೇಶವೆಲ್ಲ ಸುತ್ತಿ ಚಿತ್ರ ಬರೆದ. ಕಿಳಿಮಾನೂರಿನ ಮನೆಮಗಳಿಗೆ ಆ ತಿರುಗಾಟ ಎಲ್ಲಿಂದ ಬರಬೇಕು?

ಮೈಸೂರಿನ ಜಗನ್ಮೋಹನ ಅರಮನೆಯಲ್ಲಿ ರವಿವರ್ಮನ ಚಿತ್ರ ನೋಡಿ ಬೆಳೆದವರು ನಾವು. ನಮ್ಮ ಬೆಂಗಳೂರಿನ ಕಲಾವಿದೆ ಎನ್. ಪುಷ್ಪಮಾಲಾ ಅವನ ನಾಯಕಿಯರ ವೇಷ ತಾವೇ ತೊಟ್ಟು ಫೋಟೊಗಳಲ್ಲಿ ನಿಂತರು. ಆ ಚಿತ್ರಗಳನ್ನು ಹೆಣ್ಣಿನ ಕಣ್ಣಿನಿಂದ ಮತ್ತೆ ನೋಡುವುದನ್ನು ಕಲಿಸಿದರು. ಆ ಕಣ್ಣನ್ನೇ ಪದ್ಮಿನಿಯವರ ಕಡೆಗೂ ತಿರುಗಿಸಬೇಕು. ಮಲಯಾಳದಲ್ಲಿ ಸುಸ್ಮೇಶ್ ಚಂದ್ರೋತ್ ಪದ್ಮಿನಿಯವರ ಬಗ್ಗೆ ಸಿನಿಮಾ ಮಾಡಿದ್ದಾರೆ, ಸಂತೋಷ. ಆದರೆ ಚಿತ್ರಕಾರರಿಗೆ ಸಲ್ಲಬೇಕಾದದ್ದು ಗೋಡೆ: ವರ್ಷವಿಡೀ ಚಿತ್ರ ತೂಗುವ ಗೋಡೆ.

ಕೊಚ್ಚಿಗೆ ಹೋಗುವವರು ಚೀನಾ ಬಲೆ ನೋಡಿದ ಮೇಲೆ ಒಂದು ಗಂಟೆ ಉಳಿಸಿಕೊಳ್ಳಿ. ದರ್ಬಾರ್ ಹಾಲ್‌ಗೆ ಹೋಗಿ, ಪದ್ಮಿನಿಯವರ ಚಿತ್ರಗಳೆಲ್ಲಿ ಎಂದು ಕೇಳಿ. ಹೆಸರು ಹಿಡಿದೇ ಕೇಳಿ.