ನನ್ನ ಹೆಸರೂ ಇತ್ತು

ವಿಜಯಪುರದ ಗಾಂಧಿ ಚೌಕದಲ್ಲಿ ಸಂಜೆಯಾದರೆ ಚಹಾದಂಗಡಿಗಳ ಮುಂದೆ ನಿಂತವರೆಲ್ಲ ಗಂಡಸರೇ. ನಾವು ಹೆಣ್ಣುಮಕ್ಕಳು ಕಾಯಿಪಲ್ಯದ ಚೀಲ ಹಿಡಿದು ಆ ದಾರಿಯಲ್ಲಿ ಹಾಯ್ದು ಹೋಗುವವರು, ನಿಲ್ಲುವವರಲ್ಲ. 2024ರ ಡಿಸೆಂಬರಿನ ಒಂದು ಸಂಜೆ ಊರಿನಿಂದ ಬರಬೇಕಿದ್ದ ಅತ್ತೆಯವರಿಗಾಗಿ ನಾನು ಅಲ್ಲಿ ನಿಂತು ಕಾಯಬೇಕಾಯಿತು. ಪಕ್ಕದ ಮಾತು ಕಿವಿಗೆ ಬೀಳುತ್ತಿತ್ತು. "ಬಸ್ಸು ಅವರಿಗೆ ಪುಕ್ಕಟೆ, ತಿಂಗಳಾ ಎರಡು ಸಾವಿರ ಅವರಿಗೆ, ಕಾಯ್ದೆನೂ ಅವರದ. ಗಂಡಸು ಎಲ್ಲಿ ಹೋಗಿ ಸಾಯಬೇಕ್ರೀ?" ಎಂದ ಒಬ್ಬ. ಯಾರೂ ನಗಲಿಲ್ಲ.

ಅದೇ ತಿಂಗಳ 9ರಂದು ಬೆಂಗಳೂರಿನಲ್ಲಿ ಒಬ್ಬ ತರುಣ ಎಂಜಿನಿಯರ್ 24 ಪುಟಗಳ ಪತ್ರ ಬರೆದಿಟ್ಟು ಜೀವ ಕಳೆದುಕೊಂಡಿದ್ದ. ಹೆಂಡತಿ ಮತ್ತು ಅವಳ ತವರಿನವರು ಸುಳ್ಳು ಕೇಸು ಹಾಕಿ, ಹಣ ಕೇಳಿ ಕಾಡಿದರೆಂಬುದು ಅವನ ಆರೋಪ. ಊರೂರಲ್ಲಿ ಅದೇ ಮಾತಾಯಿತು. ಪುರುಷರ ಹಕ್ಕಿನ ಸಂಘಟನೆಗಳು 2005ರ ಸುಮಾರಿನಿಂದ ಹೇಳುತ್ತ ಬಂದದ್ದಕ್ಕೆ ಈಗ ಚೌಕದ ಮಂದಿಯೂ ತಲೆದೂಗತೊಡಗಿದರು.

ಈ ಜಗಳದಲ್ಲಿ ನಾನು ಹೊರಗಿನವಳಲ್ಲ. 2012ರಲ್ಲಿ ನನ್ನ ತಮ್ಮನ ಹೆಂಡತಿ 498ಎ ಕಲಮಿನಡಿ ದೂರು ಕೊಟ್ಟಳು. ತಮ್ಮ ಮೊದಲನೆಯವ, ಅವ್ವ ಎರಡನೆಯವಳು, ಮೂರನೆಯ ಹೆಸರು ನನ್ನದು. ಮದುವೆಯಾಗಿ ಎಂಟು ವರ್ಷದಿಂದ ಬೇರೆ ಮನೆಯಲ್ಲಿದ್ದವಳು ನಾನು! ದೂರು ಬಂದ ಕೂಡಲೇ ಹಿಡಿದು ಒಳಗೆ ಹಾಕಬಾರದೆಂದು ಸುಪ್ರೀಂ ಕೋರ್ಟು ಕಟ್ಟಾಗಿ ಹೇಳಿದ್ದು 2014ರಲ್ಲಿ. ನಮ್ಮದು ಅದಕ್ಕೂ ಮೊದಲು. ಜಾಮೀನು ಸಿಗುವ ತನಕ ಅವ್ವ ಸೋದರಮಾವನ ಮನೆಯಲ್ಲಿ ಮುಸುಕು ಹಾಕಿಕೊಂಡು ಕೂತಿದ್ದಳು. ಇದೇ ಕಲಮಿನ ದುರುಪಯೋಗವನ್ನು ಅದೇ ಕೋರ್ಟು 2005ರಲ್ಲಿ 'ಕಾನೂನಿನ ಭಯೋತ್ಪಾದನೆ' ಎಂದಿತ್ತಂತೆ. ವಕೀಲರು ಅದನ್ನು ಹೇಳಿದಾಗ, ಸುಳ್ಳೇಕೆ, ನನಗೆ ಸಮಾಧಾನವಾಗಿತ್ತು.

ಆಮೇಲೆ ಅವರು ದೂರನ್ನು ಪೂರ್ತಿ ಓದಿದರು. ಐದು ಲಕ್ಷ ವರದಕ್ಷಿಣೆ ಕೇಳಿದರೆಂಬುದು ಸುಳ್ಳು. ಆದರೆ ನಡುವೆ ಒಂದು ಸಾಲು ಇತ್ತು: ಗಂಡ ಹೊಡೆಯುವಾಗ ಗಂಡನ ಅಕ್ಕ ಎದುರಿಗೇ ಇದ್ದಳು, ಬಿಡಿಸಲಿಲ್ಲ.

ಅದು ನಿಜ. ಪಂಚಮಿಗೆ ತವರಿಗೆ ಹೋಗಿದ್ದೆ. ಅಡುಗೆಮನೆಯಲ್ಲಿ ಉಂಡಿ ಕಟ್ಟುತ್ತ ಕೂತಿದ್ದೆ. ಅವಳು "ನನ್ನ ಸರ ಎಲ್ಲಿ?" ಎಂದು ಕೇಳಿದಳು. ಅವನು ಕಪಾಳಕ್ಕೆ ಹೊಡೆದ, ಎರಡು ಸಲ. ನಾನು ಉಂಡಿ ಕಟ್ಟುವುದನ್ನು ನಿಲ್ಲಿಸಲಿಲ್ಲ. ಹೆಂಡತಿಯನ್ನು ಹಿಂಸಿಸುವುದೇ ಆ ಕಲಮಿನಲ್ಲಿ ಅಪರಾಧ, ವರದಕ್ಷಿಣೆ ಕೇಳಿರಲೇಬೇಕೆಂದಿಲ್ಲ. ಆದರೂ ಬರೀ ಏಟಿನ ಮಾತಿಗೆ ಠಾಣೆಯಲ್ಲಿ ಯಾರು ಕಿವಿಗೊಡುತ್ತಾರೆ? ಬರೆದುಕೊಟ್ಟವರು ಐದು ಲಕ್ಷ ಸೇರಿಸಿದರು. ಎರಡು ವರ್ಷದ ಮೇಲೆ ರಾಜಿಯಾಯಿತು. ಶಿಕ್ಷೆಯಾಗದ ಕೇಸುಗಳ ಲೆಕ್ಕಕ್ಕೆ ನಮ್ಮದೂ ಸೇರಿತು. ಶಿಕ್ಷೆಯಾಗದ್ದೆಲ್ಲ ಸುಳ್ಳು ಎಂದು ಯಾರಾದರೂ ವಾದಿಸಿದರೆ ನನಗೆ ಆ ಎರಡು ಏಟಿನ ಸಪ್ಪಳ ಕೇಳಿಸುತ್ತದೆ.

ಇನ್ನು ಆ ಸರದ ಮಾತು. ತಿಕೋಟಾದ ಹತ್ತಿರ ನಮ್ಮ ತವರಿನದು ನಾಲ್ಕು ಎಕರೆ ದ್ರಾಕ್ಷಿ. ಆ ವರ್ಷ ಒಣಹಾಕಿದ ದ್ರಾಕ್ಷಿಗೆ ಅಕಾಲದ ಮಳೆ ಬಡಿದು ಎಲ್ಲ ಕಪ್ಪಾಯಿತು. ತಮ್ಮ ಸರವನ್ನು ಒತ್ತೆಯಿಟ್ಟು ಬಡ್ಡಿ ಕಟ್ಟಿದ್ದ. ಹೆಂಡತಿಗೆ ಹೇಳಿರಲಿಲ್ಲ. ಹೇಳುವುದಕ್ಕಿಂತ ಹೊಡೆಯುವುದು ಅವನಿಗೆ ಸುಲಭವಾಯಿತು. ಸಣ್ಣವನಿದ್ದಾಗ ಅವನು ಬಿದ್ದು ಮೊಣಕಾಲು ಒಡೆದುಕೊಂಡರೆ "ಗಂಡಸಾಗಿ ಅಳ್ತಿಯೇನು?" ಎಂದು ನಗುತ್ತಿದ್ದವರು ಅವ್ವ ಮತ್ತು ನಾನೇ.

ಹಕ್ಕಿನ ಸಂಘಟನೆಗಳವರು ಮುಂದಿಡುವ ಒಂದು ಲೆಕ್ಕವಿದೆ. 2022ರಲ್ಲಿ ದೇಶದಲ್ಲಿ ಆತ್ಮಹತ್ಯೆ ಮಾಡಿಕೊಂಡ 1,70,924 ಜನರಲ್ಲಿ 1,22,724 ಗಂಡಸರು. ಇದು ಸರ್ಕಾರದ್ದೇ ಲೆಕ್ಕ. ನಾವು ಹೆಂಗಸರು ಇದನ್ನು ಕಂಡೂ ಕಾಣದಂತೆ ದಾಟಬಾರದು. ಆದರೆ ಅದೇ ವರದಿಯ ಪ್ರಕಾರ ಸತ್ತವರಲ್ಲಿ ನಾಲ್ಕರಲ್ಲಿ ಒಂದು ಪಾಲಿಗಿಂತ ಹೆಚ್ಚು ಜನ ದಿನಗೂಲಿಯವರು. ಮದುವೆಯ ತಂಟೆಯೇ ಕಾರಣವಾದದ್ದು ನೂರಕ್ಕೆ ಐದರಷ್ಟು. ನಮ್ಮ ಜಿಲ್ಲೆಯಿಂದ ಗೋವಾಕ್ಕೆ, ಪುಣೆಗೆ ದುಡಿಯಲು ಹೋಗುವ ಗಂಡಸರನ್ನು ಯಾವ ಕಲಮು ಕೊಲ್ಲುತ್ತದೆ? 498ಎ ಈಗ ಹೊಸ ಸಂಹಿತೆಯಲ್ಲಿ 85 ಆಗಿದೆ. ನಾಳೆ ಅದನ್ನು ಅಳಿಸಿಹಾಕಿದರೂ ಸಾಲ ಹೋಗುವುದಿಲ್ಲ. "ನನ್ನಿಂದ ಆಗೂದಿಲ್ಲ" ಎಂಬ ಮಾತು ಗಂಡಸಿನ ಬಾಯಿಗೆ ಬರುವುದಿಲ್ಲ.

ನನ್ನ ತಕರಾರು ಇರುವುದು ಇಲ್ಲೇ. ದುಡಿದು ಹಾಕುವವ ನಾನು ಎಂಬ ಹೆಮ್ಮೆ ಇವರಿಗೆ ಬೇಕು, ಅದರ ಭಾರ ಮಾತ್ರ ಹೆಂಡತಿಯ ತಪ್ಪು. ಪುರುಷ ಆಯೋಗ ಬೇಕೆನ್ನುವವರು ಮನೆಯ ಲೆಕ್ಕದ ವಹಿಯನ್ನು ಹೆಂಡತಿಯ ಮುಂದೆ ತೆರೆದಿಡಬೇಕೆಂದು ಒಮ್ಮೆಯೂ ಅಂದದ್ದು ನಾನು ಕೇಳಿಲ್ಲ. ಸುಳ್ಳು ಕೇಸಿನಲ್ಲಿ ನೊಂದವರಿಲ್ಲವೇ? ಇದ್ದಾರೆ; ಅವ್ವನ ಮುಸುಕು ನನಗೆ ಮರೆತಿಲ್ಲ. ಅಂಥ ಕೇಸು ಬೇಗ ಮುಗಿಯಲಿ, ದೂರದ ನೆಂಟರ ಹೆಸರು ಸುಮ್ಮನೆ ಸೇರದಿರಲಿ ಎಂದರೆ ನಾನೂ ಸಹಿ ಹಾಕುತ್ತೇನೆ.

ಆ ಸಂಜೆ ಅತ್ತೆ ಪುಕ್ಕಟೆ ಟಿಕೆಟು ಮಡಚಿ ಹಿಡಿದುಕೊಂಡೇ ಬಂದರು. ಚೌಕದವರು ನೋಡಿದರು. ನನಗೆ ಯಾಕೋ ಆ ಗಂಡಸರ ಮೇಲೆ ಸಿಟ್ಟು ಬರಲಿಲ್ಲ.

ಮರುವರ್ಷ ಪಂಚಮಿಗೆ ತವರಿಗೆ ಹೋದೆ. ತಮ್ಮನ ಹೆಂಡತಿ ಉಂಡಿಗೆ ಬೆಲ್ಲ ತೂಗುತ್ತಿದ್ದಳು. "ಅವತ್ತು ನಾ ಬಿಡಸಬೇಕಾಗಿತ್ತು" ಅಂದೆ.

"ಹೌದ್ರೀ ಅಕ್ಕಾರ, ಬಿಡಸಬೇಕಾಗಿತ್ರಿ" ಎಂದಳು, ತಕ್ಕಡಿಯಿಂದ ಕಣ್ಣು ತೆಗೆಯದೆ.